ನಾಕ್ಸೋಸ್‌ನಲ್ಲಿ ಅತ್ತೆಗೆ ಸಿಕ್ಕ ತೊವ್ವೆ

ಗ್ರೀಸ್‌ಗೆ ಹೋಗೋಣ ಅಂದಾಗ ನಮ್ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ಊಟದ್ದು. ಅತ್ತೆಗೆ ಎಪ್ಪತ್ತು, ಮೊಟ್ಟೆಯನ್ನೂ ಮುಟ್ಟದವರು. "ನಾನು ಅವಲಕ್ಕಿ ತಿಂದ್ಕೊಂಡು ರೂಮಲ್ಲಿರ್ತೀನಿ, ನೀವು ಉಂಡ್ಕೊಂಡು ಬನ್ನಿ" ಅಂದಿದ್ದರು. ಅವರನ್ನು ಒಬ್ಬರನ್ನೇ ಕೂರಿಸಿ ನಾವು ಉಂಡರೆ ಗಂಟಲಲ್ಲಿ ಇಳಿಯುತ್ತಾ?

ನಾವು ಆರಿಸಿಕೊಂಡ ನಾಕ್ಸೋಸ್ ದ್ವೀಪ ಬೇಸಾಯದ ಊರು. ಅಲ್ಲಿನ ಆಲೂಗಡ್ಡೆ, ಗ್ರವಿಯೇರಾ ಎಂಬ ಗಟ್ಟಿ ಚೀಸ್ ಗ್ರೀಸಿನಲ್ಲೆಲ್ಲ ಹೆಸರುವಾಸಿ. ಊಟಕ್ಕೆ ತವೆರ್ನಾಗಳಿವೆ, ಬಹಳಷ್ಟು ಮನೆಮಂದಿಯೇ ನಡೆಸುವಂಥವು.

ಅಲ್ಲಿ ನಮ್ಮನ್ನು ಕಾಪಾಡಿದ್ದು 'ನಿಸ್ತಿಸಿಮೊ' ಎಂಬ ಒಂದು ಪದ. ಅಂದರೆ ಉಪವಾಸದ ಅಡುಗೆ. ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ, ಬುಧವಾರ ಶುಕ್ರವಾರಗಳಲ್ಲಿ ಮಾಂಸ, ಹಾಲು, ಮೊಟ್ಟೆ ಬಿಡುವ ಪದ್ಧತಿ ಇದೆ. ಹಾಗಾಗಿ ಕಾಳು, ತರಕಾರಿಯ ಅಡುಗೆ ಅವರಿಗೆ ಕೈವಶ. ಆದರೆ ಒಂದು ಎಚ್ಚರ: ಆಕ್ಟೋಪಸ್, ಸೀಗಡಿ ಅವರ ಉಪವಾಸಕ್ಕೆ ನಡೆಯುತ್ತೆ! ಅದನ್ನು ಬೇರೆಯಾಗಿಯೇ ಬೇಡ ಅನ್ನಬೇಕು. ಅಕ್ಕಿ ತುಂಬಿ ಬೇಯಿಸಿದ ಟೊಮೆಟೊ, 'ಗೆಮಿಸ್ತಾ', ಕೆಲವು ಕಡೆ ಖೀಮಾ ಸೇರಿಸ್ತಾರೆ, ಕೇಳಿಯೇ ತಗೊಳ್ಳಿ. ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ಅಂಶ ಬಳಸುವುದುಂಟು, ಅತ್ತೆಗೆ ಅದೂ ಬೇಡ ಅಂದೆವು.

ಮೊದಲ ರಾತ್ರಿ 'ಫಾವಾ' ಬಂತು. ಹಳದಿ ಬೇಳೆ ಬೇಯಿಸಿ ನುಣ್ಣಗೆ ಮಾಡಿ, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ. ಅತ್ತೆ ಈರುಳ್ಳಿ ಪಕ್ಕಕ್ಕೆ ಸರಿಸಿ, ನಿಂಬೆ ಹಿಂಡಿ ಬಾಯಿಗಿಟ್ಟರು. "ಗಟ್ಟಿ ತೊವ್ವೆ ಕಣೇ ಇದು. ಒಗ್ಗರಣೆ ಒಂದಿಲ್ಲ."

ಎಂಜಲಿನದೇ ದೊಡ್ಡ ಪೇಚಾಟ. ಅಲ್ಲಿ ತಟ್ಟೆಗಳನ್ನೆಲ್ಲ ಮೇಜಿನ ನಡುವೆ ಇಡ್ತಾರೆ, ಎಲ್ಲರೂ ಅದಕ್ಕೇ ಬ್ರೆಡ್ ಅದ್ದುವವರೇ. ಅದಕ್ಕೆ ಮೊದಲು ಅತ್ತೆಗೆ ಬಡಿಸಿ, ಆಮೇಲೆ ನಾವು ಕೈ ಹಾಕುವುದು ಅಂತ ಮಾಡಿಕೊಂಡೆವು. ಬಡಿಸುವ ಹೆಂಗಸು ಇದನ್ನು ನೋಡಿ, ಮರುದಿನದಿಂದ ಪ್ರತಿಯೊಂದನ್ನೂ ಮೊದಲು ಅತ್ತೆಯ ಮುಂದೆಯೇ ತಂದಿಡತೊಡಗಿದಳು. ಭಾಷೆ ಇಬ್ಬರಿಗೂ ಬರಲ್ಲ!

ಮಗಳಿಗೆ ಆಲಿವ್ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ಸಾಕಾಗಿತ್ತು. ಅದನ್ನು ಮುಗಿಸಿ ಊರ ಮಕ್ಕಳ ಜೊತೆ ಮೇಜುಗಳ ಸುತ್ತ ಓಡುತ್ತಿದ್ದಳು, ಯಾರೂ ಗದರಲಿಲ್ಲ. ಕೊನೆಗೆ ಕೇಳದೆಯೇ ಕಲ್ಲಂಗಡಿ ಬರುತ್ತಿತ್ತು, ದುಡ್ಡಿಲ್ಲದೆ. ಬ್ರೆಡ್ಡಿಗೆ ಮಾತ್ರ ಬಿಲ್ ಹಾಕ್ತಾರೆ, ಗೊತ್ತಿರಲಿ.

ನಾಲ್ಕನೇ ದಿನ ಅತ್ತೆ ಏಳಕ್ಕೇ ಸೀರೆ ಬದಲಿಸಿ ಕೂತಿದ್ದರು. ಊರಿನವರು ಊಟಕ್ಕೆ ಬರೋದೇ ಒಂಬತ್ತರ ಮೇಲೆ ಅಂತ ಹೇಳಿ ಕಾಯಿಸಬೇಕಾಯಿತು.