ಉದ್ಯಾನದ ಹಲಗೆಯೂ ಹೊಯ್ಸಳರ ಶಾಸನವೂ

ನಮ್ಮ ಊರಿನ ಪುರಸಭೆಯ ಉದ್ಯಾನವು ಬಹು ದೊಡ್ಡದಲ್ಲ. ನಾಲ್ಕು ಹೊಂಗೆಯ ಮರಗಳು, ಒಂದು ಸಂಪಿಗೆ, ಮಕ್ಕಳಿಗೆ ಎರಡು ಉಯ್ಯಾಲೆ, ನಮ್ಮಂತಹ ನಿವೃತ್ತರಿಗೆ ಆರು ಕಲ್ಲುಬೆಂಚುಗಳು, ಇಷ್ಟೇ ಅದರ ಸಂಪತ್ತು. ಐದು ವರ್ಷಗಳ ಹಿಂದೆ ಒಂದು ವ್ಯಾಪಾರ ಸಂಸ್ಥೆಯವರು ಇದನ್ನು ದತ್ತು ತೆಗೆದುಕೊಂಡರು. ಬೇಲಿಗೆ ಬಣ್ಣ ಬಂದಿತು. ಹೊಸ ಉಯ್ಯಾಲೆಗಳು ಬಂದುವು. ಅವುಗಳೊಡನೆ ಬೆಂಚಿಗೊಂದರಂತೆ, ಮರಕ್ಕೊಂದರಂತೆ, ಬಾಗಿಲಿನ ನೆತ್ತಿಯಲ್ಲಿ ಆಳುದ್ದದ ಅಕ್ಷರಗಳಲ್ಲಿ ಆ ಸಂಸ್ಥೆಯ ಹೆಸರೂ ಬಂದಿತು. ಬಡಾವಣೆಯ ಹಿರಿಯರ ಪರವಾಗಿ ಒಪ್ಪಿಗೆಯ ಪತ್ರಕ್ಕೆ ರುಜು ಹಾಕಿದವರಲ್ಲಿ ನಾವೂ ಒಬ್ಬರು.

ಮೂರನೆಯ ವರ್ಷದ ಹೊತ್ತಿಗೆ ಉಯ್ಯಾಲೆಯ ಸರಪಣಿ ಸವೆದಿದ್ದಿತು. ಹೇಳಿಕಳುಹಿಸಿದರೆ ಪುರಸಭೆಯವರು ಸಂಸ್ಥೆಯವರನ್ನು ತೋರಿಸಿದರು. ಸಂಸ್ಥೆಯವರು ಪುರಸಭೆಯವರನ್ನು ತೋರಿಸಿದರು. ಒಂದು ಸಂಜೆ ಸರಪಣಿ ಕಡಿದು ನಮ್ಮ ಮೊಮ್ಮಗಳು ಬಿದ್ದಳು. ಬಲಗೈಯ ಮೂಳೆ ಮುರಿಯಿತು. ದೇವರ ದಯೆಯಿಂದ ಕೈ ಕೂಡಿಕೊಂಡಿತು. ಆದರೆ ಮಗುವನ್ನು ಎತ್ತಿಕೊಂಡು ಬಾಗಿಲನ್ನು ದಾಟುವಾಗ ನೆತ್ತಿಯ ಮೇಲಿನ ಹೆಸರಿನ ಹಲಗೆಯು ವಿದ್ಯುದ್ದೀಪಗಳಿಂದ ಜಗಜಗಿಸುತ್ತಿದ್ದುದನ್ನು ನಾವು ಮರೆತಿಲ್ಲ. ಒಳಗೆ ಒಂದು ದೀಪವೂ ಉರಿಯುತ್ತಿರಲಿಲ್ಲ.

ಈಗ ಆ ಒಪ್ಪಂದದ ಅವಧಿ ತೀರಿದೆ. ಮತ್ತೆ ಐದು ವರ್ಷಗಳಿಗೆ ಕೊಡಬಹುದೇ ಎಂದು ಪುರಸಭೆಯವರು ಹಿರಿಯರ ಅಭಿಪ್ರಾಯವನ್ನು ಬರಹದಲ್ಲಿ ಕೇಳಿದ್ದರು. ಬೇಡವೆಂದರೆ ಉದ್ಯಾನ ಹಾಳು ಬೀಳುವುದು, ಬೊಕ್ಕಸದಲ್ಲಿ ಹಣವಿಲ್ಲ; ಆಗಲಿ ಎಂದರೆ ಮಗುವಿನ ಮುಖ ನೋಡುವುದು ಹೇಗೆ? ಲೇಖನಿ ಮುಂದುವರಿಯದೆ ಕುಳಿತಿದ್ದಾಗ ನಮ್ಮ ಹಳೆಯ ಶಿಷ್ಯನೊಬ್ಬನು ಬಂದನು. ಅವನು ಬೆಂಗಳೂರಿನ ಒಂದು ಕಂಪನಿಯಲ್ಲಿ ಒಳ್ಳೆಯ ಹುದ್ದೆಯಲ್ಲಿರುವನು. “ಮೇಷ್ಟ್ರೇ, ಹಳೆಯಬೀಡು ಬೇಲೂರುಗಳನ್ನು ತರಗತಿಯಲ್ಲಿ ಬಾಯಿಮಾತಿನಿಂದಲೇ ತೋರಿಸಿದಿರಿ, ಈಗ ಕಣ್ಣಾರೆ ತೋರಿಸಬೇಕು. ಅಮ್ಮನವರೂ ಬರಲಿ” ಎಂದನು. ಅಭಿಪ್ರಾಯದ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಗೃಹಿಣಿಯೊಡನೆ ಹೊರಟೆವು.

ಅರಸೀಕೆರೆಯನ್ನು ಅನೇಕರು ರೈಲು ಬದಲಿಸುವ ಸ್ಥಳವೆಂದೇ ತಿಳಿದಿರುವರು. ಹುಬ್ಬಳ್ಳಿಯ ಕಡೆಗೂ ಹಾಸನ ಮೈಸೂರುಗಳ ಕಡೆಗೂ ದಾರಿ ಇಲ್ಲಿ ಕವಲೊಡೆಯುವುದು. ಆದರೆ ನಿಲ್ದಾಣದಿಂದ ಸ್ವಲ್ಪವೇ ದೂರದಲ್ಲಿ, ೧೨೨೦ನೆಯ ಇಸವಿಯ ಈಶ್ವರ ದೇವಾಲಯವಿರುವುದೆಂಬುದನ್ನು ರೈಲಿಗಾಗಿ ಕಾಯುವವರಲ್ಲಿ ಎಷ್ಟು ಮಂದಿ ಬಲ್ಲರು? ಅದರ ಮುಂದಿನ ಮಂಟಪವು ಹದಿನಾರು ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಮೇಲೆ ಗುಮ್ಮಟದಂತಹ ಒಳಮಾಳಿಗೆ. ಸುತ್ತಲೂ ತಂಪಾದ ಕಲ್ಲಿನ ಜಗಲಿ. ಅದೇ ವರ್ಷ ಇದೇ ಊರಿನಲ್ಲಿ ಇಮ್ಮಡಿ ಬಲ್ಲಾಳನ ಕಾಲದ ರೇಚರಸನೆಂಬ ಅಧಿಕಾರಿಯು ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು. ಶಿವನಿಗೊಂದು, ಜಿನನಿಗೊಂದು, ಒಂದೇ ಊರು, ಒಂದೇ ವರ್ಷ.

ಜಗಲಿಯ ಮೇಲೆ ಕುಳಿತು ಶಿಷ್ಯನಿಗೆ ನಮ್ಮ ಸಂಕಟವನ್ನು ಹೇಳಿದೆವು. ಅವನು ನಕ್ಕು, “ಇಷ್ಟಕ್ಕೆ ಇಷ್ಟು ಚಿಂತೆಯೇ? ಹಣ ಕೊಡುವವರು ಹೆಸರು ಬಯಸುವುದು ಸಹಜ. ಅಮೆರಿಕದ ಷಿಕಾಗೋ ನಗರದಲ್ಲಿ ೨೦೦೪ರಲ್ಲಿ ತೆರೆದ ಮಿಲೆನಿಯಮ್ ಪಾರ್ಕಿನ ಅನೇಕ ಅಂಗಗಳಿಗೆ ಹಣ ಕೊಟ್ಟ ಕುಟುಂಬಗಳ, ಕಂಪನಿಗಳ ಹೆಸರೇ ಇದೆ. ಜನ ಸಂತೋಷವಾಗಿ ಹೋಗಿಬರುತ್ತಿದ್ದಾರೆ” ಎಂದನು. ನಾವು ಉತ್ತರ ಕೊಡಲಿಲ್ಲ, ಉತ್ತರವಿರಲಿಲ್ಲ.

ಜಾವಗಲ್ಲಿನ ಮಾರ್ಗವಾಗಿ ಹಳೆಯಬೀಡನ್ನು ಸೇರುವಾಗ ಬಿಸಿಲು ಇಳಿದಿದ್ದಿತು. ಇದೇ ಹಿಂದಿನ ದೋರಸಮುದ್ರ. ೧೩೧೧ರಲ್ಲಿ ಮಲಿಕ್ ಕಾಫರನ ದಂಡು ಬಂದು ಮುತ್ತಿದ ರಾಜಧಾನಿ. ಇಂದು ವಿಶಾಲವಾದ ಕೆರೆ, ಹಸುರು ಹುಲ್ಲುಹಾಸು, ಅದರ ನಡುವೆ ಹೊಯ್ಸಳೇಶ್ವರ. ಆನೆಗಳ ಸಾಲು, ಸಿಂಹಗಳ ಸಾಲು, ಬಳ್ಳಿಗಳ ಸಾಲು, ಕುದುರೆಗಳ ಸಾಲು, ಇವನ್ನೆಲ್ಲ ವಾಚಕರು ಅನೇಕ ಬರಹಗಳಲ್ಲಿ ಓದಿರುವುದರಿಂದ ಇಲ್ಲಿ ಮತ್ತೆ ವರ್ಣಿಸುವುದಿಲ್ಲ. ನಮ್ಮ ಗೃಹಿಣಿಯು ಒಮ್ಮೆ ಪ್ರದಕ್ಷಿಣೆ ಬಂದು ಹುಲ್ಲಿನ ಮೇಲೆ ಕುಳಿತು, “ಇಷ್ಟು ಹೊತ್ತಾಯಿತು, ಇದನ್ನು ಕೊಳ್ಳಿ, ಅದನ್ನು ಕೊಳ್ಳಿ ಎನ್ನುವ ಹಲಗೆ ಒಂದೂ ಕಣ್ಣಿಗೆ ಬೀಳಲಿಲ್ಲ, ಅದಕ್ಕೇ ಇಲ್ಲಿ ಮನಸ್ಸಿಗೆ ಹಿತವಾಗಿದೆ” ಎಂದರು.

ಆ ಹಿತವು ತಾನಾಗಿ ಬಂದುದಲ್ಲ. ರಕ್ಷಿತ ಸ್ಮಾರಕದೊಳಗೆ ಅನುಮತಿಯಿಲ್ಲದೆ ಯಾವ ರೂಪದ ಜಾಹೀರಾತನ್ನೂ ಪ್ರದರ್ಶಿಸಕೂಡದೆಂದು ೧೯೫೯ರ ನಿಯಮಗಳಲ್ಲಿ ವಿಧಿಸಿದೆ. ಆದರೆ ಕಾಲವು ಸುಮ್ಮನಿರದು. ೨೦೧೭ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಸ್ಮಾರಕಗಳನ್ನು ಕಂಪನಿಗಳು ದತ್ತು ತೆಗೆದುಕೊಳ್ಳುವ ಯೋಜನೆಯನ್ನು ಹೊರಡಿಸಿತು. ೨೦೧೮ರ ಏಪ್ರಿಲಿನಲ್ಲಿ ದಾಲ್ಮಿಯಾ ಭಾರತ್ ಸಂಸ್ಥೆಯು ಐದು ವರ್ಷಗಳಿಗೆ ೨೫ ಕೋಟಿ ರೂಪಾಯಿಗಳ ಮಾತಿನ ಮೇಲೆ ದೆಹಲಿಯ ಕೆಂಪುಕೋಟೆಯ ಸೌಕರ್ಯಗಳನ್ನು ವಹಿಸಿಕೊಂಡಾಗ ದೇಶದಲ್ಲೆಲ್ಲ ವಾದವೆದ್ದಿತು. ೨೦೨೩ರ ಸೆಪ್ಟೆಂಬರಿನಲ್ಲಿ ಆ ಯೋಜನೆಯನ್ನು ತಿದ್ದಿ ಮತ್ತೆ ಹೊರಡಿಸಿದರು. ಅದೇ ತಿಂಗಳಲ್ಲಿಯೇ ಬೇಲೂರು, ಹಳೆಯಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು.

“ಮೇಷ್ಟ್ರೇ, ಈ ಗುಡಿಯನ್ನು ಕಟ್ಟಿಸಿದವರು ಯಾರು?” ಎಂದು ಶಿಷ್ಯನು ಕೇಳಿದನು.

“ಕೇತಮಲ್ಲನೆಂಬುವನು. ವಿಷ್ಣುವರ್ಧನನ ಅಧಿಕಾರಿ. ೧೧೨೧ರ ಶಾಸನದಲ್ಲಿ ಹೇಳಿದೆ.”

“ಹಾಗಾದರೆ ಕೇತೇಶ್ವರನೆಂದು ಏಕೆ ಹೆಸರಿಡಲಿಲ್ಲ?”

“ಒಡೆಯನ ಹೆಸರಿನಲ್ಲಿ ಹೊಯ್ಸಳೇಶ್ವರನೆಂದು ಇಟ್ಟನು. ಪಕ್ಕದ ಗರ್ಭಗುಡಿಗೆ ರಾಣಿಯ ಹೆಸರಿನಿಂದ ಶಾಂತಲೇಶ್ವರನೆಂದಾಯಿತು.”

“ಅಂದರೆ ಮೇಲಧಿಕಾರಿಯನ್ನು ಮೆಚ್ಚಿಸಲಿಕ್ಕೆ! ನಮ್ಮ ಕಚೇರಿಯಲ್ಲಿಯೂ ಇದೇ ಪದ್ಧತಿ” ಎಂದು ಅವನು ಗಟ್ಟಿಯಾಗಿ ನಕ್ಕನು. ನಾವೂ ನಕ್ಕೆವು. ಅವನು ಹೇಳಿದುದರಲ್ಲಿ ಸತ್ಯವಿಲ್ಲದೆ ಇರಲಿಲ್ಲ. ಹಿಂದಿನವರೆಲ್ಲ ನಿಷ್ಕಾಮರು, ಇಂದಿನವರೆಲ್ಲ ಲೋಭಿಗಳು ಎಂದು ಹೇಳುವುದು ಸುಲಭ, ಅದು ನಿಜವಲ್ಲ. ಅಲ್ಲಿಂದ ಬಸದಿಹಳ್ಳಿಗೆ ನಡೆದೆವು. ಅಲ್ಲಿ ೧೧೩೩ರಲ್ಲಿ ಬೊಪ್ಪದೇವನು ತನ್ನ ತಂದೆಯಾದ ಗಂಗರಾಜನ ನೆನಪಿಗಾಗಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ. ಒಬ್ಬನು ಒಡೆಯನಿಗಾಗಿ ಕಟ್ಟಿಸಿದನು, ಒಬ್ಬನು ತಂದೆಗಾಗಿ. ಹೆಸರಿನ ಆಸೆ ಇಬ್ಬರಿಗೂ ಇದ್ದೇ ಇದ್ದಿತು.

ಮಾರನೆಯ ದಿನ ಹತ್ತು ಮೈಲಿಗಳಾಚೆಯ ಬೇಲೂರಿಗೆ ಹೋದೆವು. ಚೆನ್ನಕೇಶವನ ಗುಡಿ ೧೧೧೭ರಲ್ಲಿ ಪ್ರತಿಷ್ಠಿತವಾದುದು. ಇಂದಿಗೂ ಪೂಜೆ ನಡೆಯುತ್ತಿರುವುದು. ಮೆಟ್ಟಿಲುಗಳ ಬಳಿ ಹುಲಿಯನ್ನು ಇರಿಯುತ್ತಿರುವ ಸಳನ ವಿಗ್ರಹವನ್ನು ಕಂಡೊಡನೆ ಶಿಷ್ಯನು, “ಇದೋ ನೋಡಿ, ಇದು ಹೊಯ್ಸಳರ ಲಾಂಛನ. ಜಾಹೀರಾತಲ್ಲದೆ ಮತ್ತೇನು?” ಎಂದನು. ಮದನಿಕೆಯರ ಪಾದಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರುಗಳನ್ನೂ ಬಿರುದುಗಳನ್ನೂ ಕಂಡರಿಸಿರುವುದನ್ನೂ ತೋರಿಸಿ, “ಇವರೂ ಬಿಡಲಿಲ್ಲ” ಎಂದನು.

ಆಗ ನಮ್ಮ ಗೃಹಿಣಿಯು ಮಾತನಾಡಿದರು: “ಏನಪ್ಪಾ, ಆ ಹೆಸರನ್ನು ಓದಲು ನೀನು ಎಷ್ಟು ಬಗ್ಗಬೇಕಾಯಿತು? ಮೊದಲು ಬೊಂಬೆಯನ್ನು ನೋಡಿದೆ, ಆಮೇಲೆ ಕಾಲಡಿಯ ಹೆಸರನ್ನು ನೋಡಿದೆ. ನಮ್ಮ ಊರಿನ ಗುಡಿಯಲ್ಲಿ ಒಬ್ಬರು ಕೊಟ್ಟ ಕೊಳವೆದೀಪದ ಮೇಲೆ ಅವರ ಹೆಸರನ್ನು ಎಷ್ಟು ದಪ್ಪಗೆ ಬರೆಸಿದ್ದಾರೆಂದರೆ, ದೇವರ ಮೇಲೆ ಬೆಳಕೇ ಬೀಳುವುದಿಲ್ಲ. ನಮ್ಮ ತಾಯಿ ಕೊಟ್ಟ ಕೊಳಗದ ಮೇಲೂ ಹೆಸರಿದೆ; ಆದರೆ ಅಡಿಯಲ್ಲಿದೆ. ಮದುವೆಮನೆಗೆ ಕೊಟ್ಟದ್ದು ತಿರುಗಿ ಬರಲೆಂದು ಹಾಕಿಸಿದ್ದು.”

ಸಂಸ್ಕೃತವನ್ನು ನಲವತ್ತು ವರ್ಷ ಪಾಠ ಹೇಳಿದ ನಮಗೆ ಅಡಿಗೆಮನೆಯ ಕೊಳಗದಿಂದ ದಾರಿ ಕಾಣಿಸಿತು. ಬಾವಿ, ಕೆರೆ, ದೇವಾಲಯ, ಅನ್ನದಾನಗಳೊಡನೆ ಆರಾಮವನ್ನು, ಎಂದರೆ ಉದ್ಯಾನವನ್ನು, ನಮ್ಮ ಸ್ಮೃತಿಕಾರರು ಪೂರ್ತವೆಂಬ ಧರ್ಮದಲ್ಲಿ ಸೇರಿಸಿರುವರು. ಕೊಟ್ಟುದನ್ನು ಸಾರಿಕೊಂಡರೆ ದಾನದ ಫಲ ಕುಂದುವುದೆಂದೂ ಹೇಳಿರುವರು. ಆದರೂ ಶಾಸನಗಳಲ್ಲಿ ದಾನಿಯ ಹೆಸರನ್ನು ಬರೆದರಷ್ಟೆ. ಅದೇಕೆ? ಶಾಸನವನ್ನು ಓದಿ ನೋಡಿರಿ. ಕೊಟ್ಟವರು ಯಾರು, ಏನನ್ನು ಕೊಟ್ಟರು, ಭೂಮಿಯಾದರೆ ಅದರ ನಾಲ್ಕು ಎಲ್ಲೆಗಳು ಯಾವುವು, ಯಾರ ವಶಕ್ಕೆ ಕೊಟ್ಟರು, ಯಾವುದಕ್ಕೆ ವೆಚ್ಚವಾಗಬೇಕು, ಅಪಹರಿಸಿದವನಿಗೆ ಏನು ಗತಿ, ಎಲ್ಲವೂ ಅಲ್ಲಿರುವುದು. ವೆಚ್ಚದ ಬಾಬುಗಳಲ್ಲಿ ಖಂಡಸ್ಫುಟಿತಜೀರ್ಣೋದ್ಧಾರವೆಂಬ ಮಾತು ಮತ್ತೆ ಮತ್ತೆ ಬರುವುದು. ಮುರಿದುದನ್ನು, ಒಡೆದುದನ್ನು, ಹಳತಾದುದನ್ನು ಸರಿಪಡಿಸುವುದು ಎಂದು ಅದರ ಅರ್ಥ. ಗುಡಿ ಹೊಸದಾಗಿರುವಾಗಲೇ ಅದು ಮುರಿಯುವ ದಿನಕ್ಕೆ ಹಣವನ್ನು ತೆಗೆದಿಟ್ಟರು! ಬೇಲೂರಿನ ಮಹಾದ್ವಾರದ ಗೋಪುರವೂ ಹಾಳಾಗಿದ್ದುದನ್ನು ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕನಾದ ಗುಂಡನು ೧೩೯೭ರಲ್ಲಿ ಮತ್ತೆ ಎತ್ತಿಸಿದನು.

ನಮ್ಮ ಉದ್ಯಾನದ ಹಲಗೆಯಲ್ಲಿ ಹೆಸರಿತ್ತು, ಸರಕಿನ ಚಿತ್ರವಿತ್ತು. ಎಷ್ಟು ಹಣ, ಎಷ್ಟು ಕಾಲ, ಸರಪಣಿ ಯಾರ ಹೊಣೆ ಎಂಬುದು ಮಾತ್ರ ಇರಲಿಲ್ಲ. ಶಾಸನವು ದಾನಿಯನ್ನು ಹೊಣೆಗೆ ಕಟ್ಟುವುದು. ಹಲಗೆಯು ನೋಡುವವನನ್ನು ಅಂಗಡಿಗೆ ಕರೆಯುವುದು.

ಶಿಷ್ಯನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ತಾನೇ ಒಂದು ವಿಷಯವನ್ನು ತಿಳಿಸಿದನು. ೨೦೧೩ರ ಕಂಪನಿಗಳ ಕಾಯಿದೆಯ ೧೩೫ನೆಯ ಪ್ರಕರಣದಂತೆ, ವರ್ಷಕ್ಕೆ ಐದು ಕೋಟಿಯಷ್ಟು ನಿವ್ವಳ ಲಾಭವನ್ನಾಗಲಿ, ಸಾವಿರ ಕೋಟಿಯ ವಹಿವಾಟನ್ನಾಗಲಿ, ಐನೂರು ಕೋಟಿಯ ನಿವ್ವಳ ಆಸ್ತಿಯನ್ನಾಗಲಿ ಉಳ್ಳ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಲೋಕಹಿತಕ್ಕೆ ವೆಚ್ಚ ಮಾಡತಕ್ಕುದು. ಆದರೆ ತಮ್ಮ ಸರಕಿನ ಪ್ರಚಾರಕ್ಕಾಗಿ ಕೊಟ್ಟ ಪ್ರಾಯೋಜನೆಯ ಹಣವನ್ನು ಆ ಲೆಕ್ಕಕ್ಕೆ ಸೇರಿಸಕೂಡದೆಂದು ೨೦೨೧ರ ಜನವರಿಯಲ್ಲಿ ನಿಯಮವನ್ನು ಸ್ಪಷ್ಟಪಡಿಸಿದರು. “ಕಾನೂನೇ ದಾನವನ್ನೂ ಜಾಹೀರಾತನ್ನೂ ಬೇರೆ ಬೇರೆ ಎಂದು ಹೇಳುತ್ತದೆ, ಮೇಷ್ಟ್ರೇ. ನಿಮ್ಮ ಉದ್ಯಾನದ ಹಣ ಯಾವ ಲೆಕ್ಕದ್ದು ಎಂದು ಕೇಳಿ” ಎಂದನು. ೨೦೧೮ರ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯವು ಗದರಿಸಿದ ಮೇಲೆ, ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಬೀದಿಗಳಲ್ಲಿದ್ದ ಜಾಹೀರಾತು ಫಲಕಗಳನ್ನು ಇಳಿಸಿದಾಗ, ಫಲಕಗಳ ಹಿಂದೆ ಮರಗಳಿದ್ದುದನ್ನು ತಾನು ಮೊದಲ ಬಾರಿಗೆ ಕಂಡೆನೆಂದೂ ಹೇಳಿದನು. ಗುರುವಿಗೆ ಶಿಷ್ಯನು ಪಾಠ ಹೇಳಿದ ಆ ಗಳಿಗೆ ನಮಗೆ ಬಹು ಸಂತೋಷವಾಯಿತು.

ಹಿಂದಿರುಗುವಾಗ ಅರಸೀಕೆರೆಯ ನಿಲ್ದಾಣದಲ್ಲಿ ರೈಲು ಒಂದು ಗಂಟೆ ತಡವೆಂದು ತಿಳಿಯಿತು. ಜೇಬಿನಿಂದ ಕಾಗದವನ್ನು ತೆಗೆದು ಮೊಣಕಾಲಿನ ಮೇಲಿಟ್ಟು ಅಭಿಪ್ರಾಯವನ್ನು ಬರೆದೆವು. ಸಂಸ್ಥೆಯವರಿಂದ ಹಣವನ್ನು ಸ್ವೀಕರಿಸಬಹುದು. ಹೆಸರು ಬಾಗಿಲಿನ ಪಕ್ಕದಲ್ಲಿ ಒಂದೇ ಒಂದು ಕಲ್ಲಿನ ಮೇಲೆ, ಮೊಣಕಾಲೆತ್ತರದಲ್ಲಿ ಇರತಕ್ಕುದು. ಅದರಲ್ಲಿ ಕೊಟ್ಟ ಹಣ, ಅವಧಿ, ಮಾಡಬೇಕಾದ ಕೆಲಸ ಇವನ್ನು ಕನ್ನಡದಲ್ಲಿ ಕೆತ್ತಿಸತಕ್ಕುದು. ಬೆಂಚು, ಮರ, ಉಯ್ಯಾಲೆಗಳ ಮೇಲೆ ಯಾವ ಹೆಸರೂ ಚಿತ್ರವೂ ಇರಕೂಡದು. ಮೊತ್ತದಲ್ಲಿ ಒಂದು ಪಾಲನ್ನು ಮೊದಲೇ ದುರಸ್ತಿಗಾಗಿ ಪುರಸಭೆಯಲ್ಲಿ ಠೇವಣಿ ಇಡತಕ್ಕುದು. ಒಪ್ಪದಿದ್ದರೆ ಉದ್ಯಾನಕ್ಕೆ ಬಣ್ಣವಿಲ್ಲದಿದ್ದರೂ ಚಿಂತೆಯಿಲ್ಲ. ಬಡಾವಣೆಯ ಮನೆಗಳವರು ಕೂಡಿ ಉಯ್ಯಾಲೆಗಳನ್ನಾದರೂ ನೋಡಿಕೊಳ್ಳುವೆವು.

ಬರೆದುದನ್ನು ಓದಿ ಹೇಳಿದಾಗ ಶಿಷ್ಯನು ತಲೆದೂಗಿದನು. ನಮ್ಮ ಗೃಹಿಣಿಯು ಮಾತ್ರ, “ಎಲ್ಲ ಸರಿ. ತಿಂಗಳಿಗೊಮ್ಮೆ ಹೋಗಿ ಸರಪಣಿಯನ್ನು ಎಳೆದು ನೋಡುವವರು ಯಾರು? ಅದನ್ನು ಬರೆದಿರಾ?” ಎಂದು ಕೇಳಿದರು.

ಬರೆದಿರಲಿಲ್ಲ. ಕಾಗದವನ್ನು ಮತ್ತೆ ಬಿಚ್ಚಿ, ಕೊನೆಯ ಸಾಲಿನ ಕೆಳಗೆ ಆ ಕೆಲಸವನ್ನು ಸೇರಿಸಿ, ಅದರ ಎದುರಿಗೆ ನಮ್ಮ ಹೆಸರನ್ನೇ ಬರೆದೆವು.