ಹಿತ್ತಲ ಜೀವಿಗಳಿಗೊಂದು ಕ್ಯಾಮೆರಾ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕ್ಯಾಮೆರಾ ಹಿಡಿದವರಿಗೂ ಒಪ್ಪುತ್ತದೆ. ವನ್ಯಜೀವಿ ಛಾಯಾಗ್ರಹಣ ಎಂದೊಡನೆ ಕಣ್ಣಮುಂದೆ ಬರುವುದು ಬಂಡೀಪುರದ ಹುಲಿ, ನಾಗರಹೊಳೆಯ ಆನೆ, ಮೊಳದುದ್ದದ ಲೆನ್ಸು, ಜೀಪಿನ ಬಾಡಿಗೆ. ಸೊರಬದ ಕಡೆಯವರಾದರೆ ಗುಡವಿ ಪಕ್ಷಿಧಾಮಕ್ಕೆ ಹೋಗಿ, ಕೆರೆಯ ಮರಗಳಲ್ಲಿ ಗೂಡು ಕಟ್ಟಿದ ಬಿಳಿ ಕೆಂಬರಲುಗಳ ಚಿತ್ರ ತೆಗೆದು ಬಂದಾರು. ಹೀಗೆ ಹೊರಡುವವರು ಬಚ್ಚಲ ಹಿಂದಿನ ಕರಿಬೇವಿನ ಗಿಡವನ್ನು ದಾಟಿಕೊಂಡೇ ಹೋಗುತ್ತಾರೆ. ಆ ಗಿಡದಲ್ಲೇನಿದೆ ಎಂದು ಬಗ್ಗಿ ನೋಡುವವರು ಕಡಿಮೆ.

ನೋಡಲು ಸರಿಯಾದ ಕಾಲವೆಂದರೆ ಭಾದ್ರಪದ ಕಳೆದು ಆಶ್ವಯುಜ ಕಾಲಿಡುವ ಹೊತ್ತು. ಗಣಪತಿಯನ್ನು ನೀರಿಗೆ ಬಿಟ್ಟಾಗಿರುತ್ತದೆ, ಮಹಾನವಮಿಗೆ ಇನ್ನೂ ದಿನವಿರುತ್ತದೆ. ಶಿಕಾರಿಪುರದ ಕುಮುದ್ವತಿಯೂ ಸೊರಬದ ದಂಡಾವತಿಯೂ ಕೆಂಪು ಬಣ್ಣ ಕಳೆದುಕೊಂಡು ತಿಳಿಯಾಗತೊಡಗುತ್ತವೆ. ಮಳೆ ತೊಳೆದ ಗಾಳಿಯಲ್ಲಿ ಧೂಳಿಲ್ಲ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದು ಎಲೆಯ ನರನರವನ್ನೂ ತೋರಿಸುತ್ತದೆ. ನಾಲ್ಕು ತಿಂಗಳ ಮಳೆಗೆ ಚಿಗುರಿದ ಎಳೆ ಎಲೆ, ಆ ಎಲೆ ತಿನ್ನುವ ಹುಳು, ಹುಳುವನ್ನು ತಿನ್ನುವ ಹಕ್ಕಿ, ಓತಿಕ್ಯಾತ, ಜೇಡ, ಎಲ್ಲವೂ ಒಂದೇ ಹಿತ್ತಲಲ್ಲಿ ಲೆಕ್ಕ ಸರಿದೂಗಿಸಿಕೊಳ್ಳುತ್ತಿರುತ್ತವೆ.

ಕರಿಬೇವಿನಿಂದಲೇ ಶುರುಮಾಡಬಹುದು. ಅದರ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದಂತೆ ಕಪ್ಪು ಬಿಳುಪಿನ ಗುರುತೊಂದು ಕಾಣುತ್ತದೆ. ನೋಡನೋಡುತ್ತ ಆ ಹಿಕ್ಕೆಯೇ ಎಲೆಯಂಚನ್ನು ಕಚ್ಚತೊಡಗಿದರೆ ಅದು ನಿಂಬೆ ಚಿಟ್ಟೆಯ ಮರಿಹುಳು. ಹಿಕ್ಕೆಯನ್ನು ಯಾವ ಹಕ್ಕಿಯೂ ತಿನ್ನುವುದಿಲ್ಲವಾದ್ದರಿಂದ ಈ ವೇಷ. ಬೆಳೆದು ದೊಡ್ಡದಾದ ಮೇಲೆ ವೇಷ ಬದಲಾಯಿಸಿ ಎಲೆಯ ಹಸಿರಿಗೆ ಹಸಿರಾಗಿ ಕೂರುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಬಣ್ಣದ ಎರಡು ಕೊಂಬು ಹೊರಚಾಚಿ ಕಟುವಾಸನೆ ಬೀರುತ್ತದೆ. ನಂದಿಬಟ್ಟಲಲ್ಲಿ ಬೆರಳುಗಾತ್ರದ ಇನ್ನೊಂದು ಹುಳುವಿದೆ. ಅದರ ಮೈಮೇಲೆ ದುರುಗುಟ್ಟಿ ನೋಡುವ ಎರಡು ನೀಲಿ ಕಣ್ಣು, ಎರಡೂ ಸುಳ್ಳು ಕಣ್ಣು. ಕಣಗಿಲೆಯ ಎಲೆಯಡಿ ಒಡವೆಯಂಗಡಿಯಿಂದ ತಂದು ತೂಗುಬಿಟ್ಟಂತೆ ಹೊಳೆಯುವ ಓಲೆ ಕಂಡರೆ, ಅದು ಕಾಮನ್ ಕ್ರೋ ಎಂಬ ಕಂದುಬಣ್ಣದ ಸಾಧಾರಣ ಚಿಟ್ಟೆಯೊಂದರ ಕೋಶ.

ಇವುಗಳ ಚಿತ್ರಕ್ಕೆ ದುಬಾರಿ ಸಲಕರಣೆಯೇನೂ ಬೇಡ. ರೀಲಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರ. ತೊಳೆಸಿ ಪ್ರಿಂಟು ಹಾಕಿಸುವವರೆಗೆ ಏನು ಸಿಕ್ಕಿದೆಯೆಂದೇ ತಿಳಿಯುತ್ತಿರಲಿಲ್ಲ. ಇಂದು ಜೇಬಿನಲ್ಲಿರುವ ಮೊಬೈಲು ಚಿಟ್ಟೆಯ ಹುಳುವಿಗೆ ಸಾಕು. ಬೇಕಾದದ್ದು ಮೊಣಕಾಲೂರುವ ಮನಸ್ಸು. ನಿಂತಲ್ಲಿಂದ ಕೆಳಗೆ ನೋಡಿ ತೆಗೆದ ಚಿತ್ರದಲ್ಲಿ ಓತಿಕ್ಯಾತ ಬರೀ ಓತಿಕ್ಯಾತವೇ. ಅದರ ಕಣ್ಣಿನ ಮಟ್ಟಕ್ಕೆ ಇಳಿದು ತೆಗೆದರೆ ಬೇಲಿಗೂಟದ ಮೇಲೆ ಕೂತ ರಾಜ. ಬೆಳಿಗ್ಗೆ ಎಂಟರೊಳಗೆ ಹೋದರೆ ಇಬ್ಬನಿಯ ಭಾರಕ್ಕೆ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳು ಹಾರಲಾರದೆ ಕೂತಿರುತ್ತವೆ. ಹತ್ತು ಗಂಟೆಯ ಮೇಲೆ ಅವು ಯಾರ ಕೈಗೂ ಸಿಗುವುದಿಲ್ಲ.

ಜೇಡ ಇದಕ್ಕೆ ಅಪವಾದ, ಹೊತ್ತೇರಿದರೂ ಬಲೆ ಬಿಟ್ಟು ಕದಲದು. ದಾಸವಾಳದ ಕವಲುಗಳ ನಡುವೆ ಬಲೆ ನೇಯ್ದು, ಅದರ ಮಧ್ಯೆ ಬಿಳಿ ನೂಲಿನಲ್ಲಿ ಗುಣಾಕಾರದ ಚಿಹ್ನೆಯಂತೆ ಅಂಕುಡೊಂಕು ಗೀಟು ಹಾಕಿ, ಕಾಲುಗಳನ್ನು ಜೋಡಿಜೋಡಿಯಾಗಿ ಆ ಗೀಟಿನ ಗುಂಟ ಚಾಚಿ, ತಲೆಕೆಳಗಾಗಿ ಕೂರುವ ಜೇಡಕ್ಕೆ ಸಹಿ ಜೇಡ ಎಂಬ ಹೆಸರಿದೆ. ಆ ಸಹಿ ಹುಳುಗಳನ್ನು ಸೆಳೆಯಲೋ, ಹಕ್ಕಿಗಳು ಬಲೆಗೆ ನುಗ್ಗದಂತೆ ಎಚ್ಚರಿಸಲೋ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ. ಛಾಯಾಗ್ರಾಹಕನ ಕೆಲಸ ಬಿಸಿಲಿಗೆ ಎದುರಾಗಿ ನಿಲ್ಲುವುದಷ್ಟೇ. ಹಿಂದಿನಿಂದ ಬೆಳಕು ಬಿದ್ದರೆ ಬಲೆಯ ಒಂದೊಂದು ಎಳೆಯೂ ಬೆಳಗುತ್ತದೆ.

ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರು (1938–2007) ಕನ್ನಡಿಗರಿಗೆ ತೋರಿಸಿಕೊಟ್ಟದ್ದೂ ಇದನ್ನೇ. ಪ್ರಾಣಿಪಕ್ಷಿಗಳನ್ನು ಕಾಣಲು ಮನೆಯ ಸುತ್ತಮುತ್ತಲೇ ಸಾಕು, ಆದರೆ ಕಾಯಬೇಕು. ಕಾಯುವವನಿಗೆ ಚಿತ್ರಕ್ಕಿಂತ ಮೊದಲು ಜೀವಿಯ ದಿನಚರಿ ತಿಳಿಯುತ್ತದೆ. ಸೂರಕ್ಕಿ ಯಾವ ಹೂವಿನಿಂದ ಯಾವ ಹೂವಿಗೆ ಹೋಗುತ್ತದೆ, ಮಡಿವಾಳ ಹಕ್ಕಿ ಯಾವ ಗೂಟದ ಮೇಲೆ ಕೂತು ಬಾಲವೆತ್ತುತ್ತದೆ ಎಂದು ತಿಳಿದ ಮೇಲೆ ಬೆನ್ನಟ್ಟುವ ಗೋಜಿಲ್ಲ. ಆ ಹೂವಿನೆದುರು, ಆ ಗೂಟದೆದುರು ಕೂತರಾಯಿತು. ಗೂಡು ಸರಿಯಾಗಿ ಕಾಣಲೆಂದು ಎಲೆ ಕೀಳುವವರೂ ಇದ್ದಾರೆ. ಅವರಿಗೆ ಕಂಡ ಗೂಡು ಕಾಗೆಗೂ ಕೆಂಬೂತಕ್ಕೂ ಕಾಣುತ್ತದೆ. ಮರಿಗಳ ಜೀವಕ್ಕಿಂತ ದೊಡ್ಡ ಚಿತ್ರ ಯಾವುದೂ ಇಲ್ಲ.

ಹಿತ್ತಲೆಂದರೆ ಬೇಲಿಯೊಳಗಿನ ಲೋಕ ಮಾತ್ರವೂ ಅಲ್ಲ. ಈ ದಿನಗಳಲ್ಲಿ ಬಚ್ಚಲ ನೀರು ಹರಿಯುವಲ್ಲಿ ಬಾಲ ಕುಣಿಸುತ್ತ ಓಡಾಡುವ ಬೂದು ಸಿಪಿಲೆ ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಬಂದ ಅತಿಥಿ. ಅಂಗಳದ ಮೇಲೆ ಗುಂಪುಗುಂಪಾಗಿ ಹಾರುವ ಹಳದಿ ಮಿಶ್ರಿತ ಕಂದು ಬಣ್ಣದ ಏರೋಪ್ಲೇನ್ ಚಿಟ್ಟೆಗಳ ಜಾತಿ ಇನ್ನೂ ದೂರದ ಪಯಣಿಗ. ಇವು ಭಾರತದಿಂದ ಹಿಂದೂ ಮಹಾಸಾಗರ ದಾಟಿ ಆಫ್ರಿಕಾಕ್ಕೆ ಹೋಗುತ್ತವೆ ಎಂಬುದನ್ನು ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ ಮುಂದಿಟ್ಟರು. ಮಕ್ಕಳು ಬಾಲಕ್ಕೆ ದಾರ ಕಟ್ಟಿ ಆಡುವ ಕೀಟ ಸಮುದ್ರ ದಾಟುವ ಜಾತಿಯದೆಂದು ಗೊತ್ತಾದರೆ ದಾರ ತಾನಾಗಿ ಕೈಜಾರೀತು.

ಇಷ್ಟೆಲ್ಲ ನಡೆಯುವ ಹೊತ್ತಿಗೇ ಮನೆಯಲ್ಲಿ ಇನ್ನೊಂದು ಕೆಲಸ ಶುರುವಾಗುತ್ತದೆ. ಮಳೆಗಾಲದಲ್ಲಿ ಬೆಳೆದ ಕಳೆ ತೆಗೆದು ಹಬ್ಬಕ್ಕೆ ಹಿತ್ತಲು ಹಸನುಮಾಡುವ ಕೆಲಸ. “ಹಬ್ಬ ಬಂತು, ಈ ತುಂಬೆ ಗಿಡಾನೆಲ್ಲ ಕೀಳಿಸಬಾರದೇನೋ?” ಎನ್ನುವ ತಾಯಿ, “ಇನ್ನೊಂದು ವಾರ ತಡಿಯಮ್ಮ” ಎನ್ನುವ ಮಗ, ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಪೊದೆ ಬೆಳೆದರೆ ಸೊಳ್ಳೆ, ಹುಲ್ಲಿನಲ್ಲಿ ಕೊಳಕುಮಂಡಲ ಹಾವಿನ ಭಯ. ಓಡಾಡುವ ದಾರಿ, ಬಾವಿಕಟ್ಟೆ, ಕೊಟ್ಟಿಗೆಯ ಸುತ್ತ ಚೊಕ್ಕಟವಾಗಿರಲೇಬೇಕು. ಆದರೆ ಕತ್ತಿ ಗುದ್ದಲಿಗಳ ಕಾಲದಲ್ಲಿ ಮೂಲೆಯಲ್ಲೊಂದಿಷ್ಟು ಉಳಿದುಬಿಡುತ್ತಿತ್ತು, ಬೇರು ಮತ್ತೆ ಚಿಗುರುತ್ತಿತ್ತು. ಈಗ ಬೆನ್ನಿಗೆ ಪಂಪು ಕಟ್ಟಿ ಕಳೆನಾಶಕ ಹೊಡೆದರೆ ಎಲೆಯಿಂದ ಬೇರಿನವರೆಗೆ ಇಳಿದು ಗಿಡವೇ ಸಾಯುತ್ತದೆ. ಅದರ ಮೇಲಿಟ್ಟ ಮೊಟ್ಟೆಯೊಡೆದು ಬಂದ ಹುಳುವಿಗೆ ಮೊದಲ ತುತ್ತೇ ಇಲ್ಲ. ಗದ್ದೆಗಳು ಅಡಿಕೆ ತೋಟವಾಗಿ, ತೋಟ ಮನೆಬಾಗಿಲವರೆಗೂ ಬಂದ ಊರುಗಳಲ್ಲಿ ಹಿತ್ತಲ ಆ ಮೂಲೆಯೇ ಅವುಗಳ ಕೊನೆಯ ಠಿಕಾಣಿ.

ಹಸಿರು ಹಾವಿನ ಪಾಡೂ ಇಂಥದೇ. ಕಣ್ಣು ಕುಕ್ಕುತ್ತದೆಂದು ನಂಬಿ ಕಂಡಲ್ಲಿ ಬಡಿಯುತ್ತಾರೆ. ಅದಕ್ಕಿರುವುದು ಅಲ್ಪ ವಿಷ, ಹಲ್ಲಿ ಓತಿಗಳನ್ನು ಹಿಡಿಯಲಷ್ಟೇ ಸಾಕಾಗುವಂಥದು. ನಾಲ್ಕು ಮಾರು ದೂರದಿಂದ ತೆಗೆದ ಅದರ ಚಿತ್ರವನ್ನು ದೊಡ್ಡದು ಮಾಡಿ, ಅಡ್ಡಕ್ಕೆ ಸೀಳಿದಂಥ ಆ ಕಣ್ಣಿನ ಪಾಪೆಯನ್ನು ಮನೆಮಂದಿಗೆ ತೋರಿಸಿದರೆ, ಮುಂದಿನ ಸಲ ದೊಣ್ಣೆ ಹುಡುಕುವ ಮುನ್ನ ಯಾರಾದರೊಬ್ಬರು ತಡೆದಾರು. ಹಿತ್ತಲ ಛಾಯಾಗ್ರಹಣದ ನಿಜವಾದ ಲಾಭ ಇದು. ಹೆಸರು ಗೊತ್ತಿರುವ, ಮುಖ ನೋಡಿರುವ ಜೀವಿಯನ್ನು ಹೊಡೆಯಲು ಕೈ ಏಳುವುದು ಕಷ್ಟ.

ಹಾಗೆ ನೋಡಿದರೆ ಪಾಲು ಬಿಟ್ಟುಕೊಡುವುದು ಈ ಸೀಮೆಗೆ ಹೊಸತಲ್ಲ. ಆಶ್ವಯುಜದ ಭೂಮಿ ಹುಣ್ಣಿಮೆಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತೊಯ್ದು, ಗದ್ದೆ ತೋಟಗಳಿಗೆ ಚರಗ ಚೆಲ್ಲಿ, ಭೂಮಿತಾಯಿಗೆ ಎಡೆಯಿಟ್ಟು ಬರುತ್ತಾರೆ. ಕಾಗೆಗೆ, ಇಲಿಗೆ ಎಂದು ತೆಗೆದಿಡುವ ಮನೆಗಳೂ ಇವೆ. ಆ ಎಡೆಯ ಜೊತೆಗೆ ಹಿತ್ತಲ ಒಂದು ಮೂಲೆಯನ್ನೂ ಸೇರಿಸಿದರಾಯಿತು. ಕರಿಬೇವಿಗೆ ಔಷಧ ಹೊಡೆಯದಿರುವುದು, ಬೇಲಿಯ ಎಕ್ಕವನ್ನೂ ಈಶ್ವರಿ ಬಳ್ಳಿಯನ್ನೂ ಬಿಡುವುದು, ಮೂಲೆಯ ತುಂಬೆಗೆ ದೀಪಾವಳಿಯವರೆಗೆ ಆಯುಷ್ಯ ಕೊಡುವುದು. ನಾಡಿನ ರಾಜ್ಯ ಚಿಟ್ಟೆಯೆನಿಸಿದ, ಕಪ್ಪು ಹಳದಿ ರೆಕ್ಕೆಯ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಆ ಈಶ್ವರಿ ಬಳ್ಳಿಯ ಜಾತಿಯ ಗಿಡಗಳಲ್ಲೇ.

ತೆಗೆದ ಚಿತ್ರಗಳನ್ನು ತಾರೀಖು, ಗಿಡದ ಹೆಸರುಗಳೊಂದಿಗೆ ಒಂದು ಕಡೆ ಜೋಡಿಸಿಡಬೇಕು. ನಾಲ್ಕಾರು ವರ್ಷ ಕಳೆದರೆ ಅದು ಹಿತ್ತಲ ಜಮಾಖರ್ಚಿನ ಪುಸ್ತಕವಾಗುತ್ತದೆ. ಯಾವುದು ಬಂತು, ಯಾವುದು ಬರಲಿಲ್ಲ, ಯಾವ ಗಿಡ ಹೋದ ಮೇಲೆ ಯಾವ ಚಿಟ್ಟೆ ಹೋಯಿತು ಎಂದು ಹೇಳಲು ಆ ಮನೆಯವರಿಗಿಂತ ದೊಡ್ಡ ಸಾಕ್ಷಿ ಬೇರೆ ಯಾರೂ ಸಿಗಲಾರರು.