ಜಲ್ಲಿರಸ್ತೆಯ ಹಾಡು

ಮಗಳೂ ಅಳಿಯಂದಿರೂ ಅಮೆರಿಕದ ಟೆಕ್ಸಸ್ ಸಂಸ್ಥಾನದ ಹ್ಯೂಸ್ಟನ್ ನಗರದಲ್ಲಿ ಸಂಸಾರ ಹೂಡಿದ್ದಾರೆ. 2024ರ ನವೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದಾಗ, ಒಂದು ಶನಿವಾರ ರಾತ್ರಿ ಮಗಳು, "ಅಪ್ಪ, ನಾಳೆ ಲೇಕ್ ಚಾರ್ಲ್ಸಿಗೆ ಹೋಗಿಬರೋಣ" ಎಂದಳು. ಅಲ್ಲಿ ದೇವಸ್ಥಾನವುಂಟೋ ಜಲಪಾತವುಂಟೋ ಎಂದು ವಿಚಾರಿಸಿದೆನು. "ಯಾವುದೂ ಇಲ್ಲ. ಅದೊಂದು ಹಾಡಿನ ಊರು" ಎಂದಳು. ಹಾಡಿಗಾಗಿ ನೂರನಲವತ್ತೈದು ಮೈಲಿ ಮೋಟಾರಿನಲ್ಲಿ ಹೋಗುವುದೆಂದರೆ ನಮ್ಮ ಕಾಲದ ಲೆಕ್ಕಕ್ಕೆ ದುಂದು, ಆದರೂ ಹೊರಟೆವು. ಅಳಿಯಂದಿರು ಮೋಟಾರು ನಡೆಸುತ್ತಿದ್ದರು. ಅವರ ಪಕ್ಕದಲ್ಲಿ ನಾನು. ಹಿಂದಿನ ಆಸನದಲ್ಲಿ ತಾಯಿಮಗಳು, ಅವರಿಬ್ಬರ ನಡುವೆ ಪುಳಿಯೋಗರೆಯ ಡಬ್ಬಿ.

ದಾರಿಯುದ್ದಕ್ಕೂ ಒಂದೇ ಹಾಡುಗಾರ್ತಿಯ ಹಾಡುಗಳು. ಆಕೆಯ ಹೆಸರು ಲುಸಿಂಡಾ ವಿಲಿಯಮ್ಸ್. 1953ರಲ್ಲಿ ಈ ಲೇಕ್ ಚಾರ್ಲ್ಸಿನಲ್ಲಿಯೇ ಹುಟ್ಟಿದವಳು. ಹದಿಮೂರು ಹಾಡುಗಳ ಈ ಸಂಪುಟ 1998ರಲ್ಲಿ ಹೊರಬಂದಿತು. 'ಕಾರ್ ವೀಲ್ಸ್ ಆನ್ ಎ ಗ್ರಾವೆಲ್ ರೋಡ್', ಎಂದರೆ ಜಲ್ಲಿರಸ್ತೆಯ ಮೇಲೆ ಮೋಟಾರಿನ ಚಕ್ರಗಳು, ಎಂಬುದು ಅದರ ಹೆಸರು. ಒಮ್ಮೆ ಧ್ವನಿಮುದ್ರಣವಾದದ್ದು ಮನಸ್ಸಿಗೊಪ್ಪದೆ ಆಕೆ ಮತ್ತೆ ಮೊದಲಿನಿಂದ ಹಾಡಿದಳಂತೆ. ಹೀಗೆ ವರ್ಷಗಳು ಕಳೆದುವು. ಗ್ರಾಮಿ ಪಾರಿತೋಷಕವೂ ಇದಕ್ಕೆ ದೊರಕಿತು.

ಕಂಠ ಮಧುರವೆಂದು ನಾನು ಹೇಳಲಾರೆ. ನಿದ್ದೆಯಿಂದೆದ್ದು ಮಾತನಾಡಿದಂತೆ ಎಳೆದೆಳೆದು ಹಾಡುತ್ತಾಳೆ; ವ್ಯಂಜನಗಳು ಅಲ್ಲಲ್ಲಿ ಜಾರಿಬೀಳುತ್ತವೆ. ಮೂವತ್ತು ವರ್ಷ ಸಂಸ್ಕೃತವ್ಯಾಕರಣ ಹೇಳಿದವನ ಕಿವಿಗೆ ಇದು ಮೊದಲು ಸಹಿಸಲಿಲ್ಲ. ಬೋಮಾಂಟ್ ಊರು ದಾಟುವ ಹೊತ್ತಿಗೆ ಕಿವಿ ಪಳಗಿತು. ಮತಂಗಮುನಿಯ 'ಬೃಹದ್ದೇಶೀ' ನೆನಪಿಗೆ ಬಂದಿತು. ಹೆಂಗಸರು, ಮಕ್ಕಳು, ಗೋವಳರು, ಅರಸರು ತಮ್ಮತಮ್ಮ ನಾಡಿನಲ್ಲಿ ತಮ್ಮಿಚ್ಛೆಯಿಂದ ಒಲಿದು ಹಾಡುವುದೇ ದೇಶೀ ಎಂದು ಆತ ಹೇಳಿದ್ದಾನೆ. ಇಲ್ಲಿಯೂ ಹಾಗೆಯೇ: ಕರಿಯರ ಬ್ಲೂಸ್ ಒಂದು ಕಡೆ, ಹಳ್ಳಿಗಾಡಿನ ಕಂಟ್ರಿ ಹಾಡು ಇನ್ನೊಂದು ಕಡೆ, ನಡುವೆ ಮಡಿಲಲ್ಲಿ ಮಲಗಿಸಿಕೊಂಡು ಜಾರುತಂತಿಯಲ್ಲಿ ನುಡಿಸುವ ಡೋಬ್ರೋ ಗಿಟಾರು. ಅಕಾರ್ಡಿಯನ್ನಿನ ಸ್ವರವೂ ಕೇಳಿಸುತ್ತದೆ. ಅದು ನಮ್ಮ ಹಾರ್ಮೋನಿಯಮ್ಮಿನ ದಾಯಾದಿ. ಎರಡರಲ್ಲಿಯೂ ತಿದಿಯ ಗಾಳಿಯೇ ನಾಲಗೆಗಳನ್ನು ನಡುಗಿಸುವುದು.

ಸಬೀನ್ ನದಿಯನ್ನು ದಾಟಿದರೆ ಲೂಯಿಸಿಯಾನ. ಅಕಾರ್ಡಿಯನ್ನಿಗೆ ಇದೇ ತವರೆನ್ನಬೇಕು. 1755ರಿಂದ ಇಂಗ್ಲಿಷರು ಕೆನಡಾದ ಅಕೇಡಿಯದಿಂದ ಹೊರದೂಡಿದ ಫ್ರೆಂಚರಲ್ಲಿ ಹಲವರು ಕಡೆಗೆ ಬಂದು ನೆಲೆಸಿದ್ದು ಈ ಜವುಗುನಾಡಿನಲ್ಲಿ. ಕೇಜನ್ನರೆಂದರೆ ಅವರ ಸಂತತಿ. ಅವರ ನೆರೆಯ ಫ್ರೆಂಚ್ ಮಾತಿನ ಕರಿಯರು ಬೆಳೆಸಿದ್ದು ಜೈಡಿಕೋ. ಈ ಶಬ್ದದ ವ್ಯುತ್ಪತ್ತಿಯನ್ನು ಅಳಿಯಂದಿರು ಹೇಳಿದಾಗ ನಾನು ಪುಳಿಯೋಗರೆಯನ್ನೇ ಮರೆತೆನು. ಹುರುಳಿಕಾಯಿಗೆ ಫ್ರೆಂಚಿನಲ್ಲಿ 'ಲೇ ಆರಿಕೋ'. ಎರಡು ಪದಗಳು ಸಂಧಿಯಾಗಿ, ನಾಲಗೆಯ ಮೇಲೆ ಸವೆದು, ಜೈಡಿಕೋ ಆಯಿತೆಂದು ಬಹುಮಂದಿಯ ಮತ. ಉಪ್ಪುಮಾಂಸಕ್ಕೂ ಗತಿಯಿಲ್ಲದೆ ಬರಿಯ ಕಾಯಿ ಬೇಯಿಸಿದ ಬಡತನದ ದಿನಗಳ ಗುರುತು ಆ ಹೆಸರಿನಲ್ಲಿದೆ. ಸುಕ್ಕುಸುಕ್ಕಾದ ತಗಡನ್ನು ಎದೆಗೆ ಕವಚದಂತೆ ತೊಟ್ಟು, ಚಮಚದಿಂದ ಉಜ್ಜಿ ಅವರು ತಾಳ ಹಾಕುತ್ತಾರೆ.

ಲೇಕ್ ಚಾರ್ಲ್ಸನ್ನು ಹೊಗುವ ಮುನ್ನ ಕಲ್ಕಶೂ ನದಿಗೆ 1952ರಲ್ಲಿ ಕಟ್ಟಿದ ಎತ್ತರದ ಸೇತುವೆ. ಅದರ ಕಂಬಿಗಳಲ್ಲಿ ಜೋಡಿ ಪಿಸ್ತೂಲುಗಳ ಆಕಾರಗಳನ್ನು ಎರಕ ಹೊಯ್ದಿದ್ದಾರೆ. ಹಿಂದೆ ಈ ಕರಾವಳಿಯಲ್ಲಿ ಓಡಾಡಿದ ಕಡಲುಗಳ್ಳ ಲಾಫೀಟನ ನೆನಪಿಗಂತೆ! ಊರಿನಲ್ಲಿ ಎಣ್ಣೆಯ ಕಾರ್ಖಾನೆಗಳು, ಜೂಜಿನ ಮನೆಗಳು, ಒಂದು ಶಾಂತವಾದ ಸರೋವರ. 2020ರ ಆಗಸ್ಟಿನ ಚಂಡಮಾರುತದಲ್ಲಿ ಕಿಟಕಿಗಳೆಲ್ಲ ಒಡೆದುಹೋದ ಇಪ್ಪತ್ತೆರಡು ಅಂತಸ್ತಿನ ಕಟ್ಟಡವೊಂದನ್ನು ನಾವು ಹೋಗುವುದಕ್ಕೆ ಎರಡು ತಿಂಗಳ ಹಿಂದಷ್ಟೆ ಉರುಳಿಸಿದ್ದರು. ದಡದಲ್ಲಿ ಕುಳಿತು ಊಟ ಮಾಡಿ, ಊರಿನ ಹೆಸರಿನ ಹಾಡನ್ನೇ ಕೇಳಿದೆವು. ಸತ್ತ ಗೆಳೆಯನೊಬ್ಬನನ್ನು ಕುರಿತ ಚರಮಗೀತೆ ಅದು. ಆತ ಹುಟ್ಟಿದ್ದು ಟೆಕ್ಸಸ್ಸಿನಲ್ಲಿ. ಆದರೆ ತನ್ನ ಊರು ಲೇಕ್ ಚಾರ್ಲ್ಸ್ ಎಂದು ಹೇಳಿಕೊಳ್ಳುತ್ತಿದ್ದನಂತೆ.

"ನನ್ನ ಊರು ಯಾವುದೆಂದು ಕೇಳಿದರೆ ನನಗೂ ಹೇಳಲು ತೋಚುವುದಿಲ್ಲ" ಎಂದಳು ಮಗಳು.

ಹಿಂದಿರುಗುವಾಗ ಸಂಪುಟಕ್ಕೆ ಹೆಸರು ಕೊಟ್ಟ ಹಾಡು ಬಂದಿತು. ಮೋಟಾರಿನ ಹಿಂದಿನ ಆಸನದಲ್ಲಿ ಕುಳಿತ ಪುಟ್ಟ ಮಗುವೊಂದು ಕಣ್ಣೀರಿನೊಡನೆ ಕಿಟಕಿಯಾಚೆ ನೋಡುತ್ತಿರುವ ಚಿತ್ರ. ಈಕೆಯ ತಂದೆ ಮಿಲ್ಲರ್ ವಿಲಿಯಮ್ಸ್ ಅಧ್ಯಾಪಕ, ಕವಿ. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ನರ ಪದಗ್ರಹಣದಲ್ಲಿ ಕವಿತೆ ಓದಿದವರು. ಉದ್ಯೋಗದ ಬೆನ್ನು ಹತ್ತಿ ಊರಿಂದೂರಿಗೆ ಸಂಸಾರ ಸಾಗಿಸಿದರು. ಈ ಹಾಡನ್ನು ಮೊದಲು ಕೇಳಿದಾಗ ಅವರು ಮಗಳ ಬಳಿಗೆ ಬಂದು ಕ್ಷಮೆ ಕೇಳಿದರಂತೆ. ಆ ಮಗು ತಾನೆಂಬುದು ಆಕೆಗೆ ಅದುವರೆಗೆ ಹೊಳೆದೇ ಇರಲಿಲ್ಲವಂತೆ.

ನಾನೂ ವರ್ಗವಾದಲ್ಲೆಲ್ಲ ಹೋದವನು. ತರೀಕೆರೆ, ಶಿರಾ, ಹೊಸದುರ್ಗ. ಹಿಂದಕ್ಕೆ ತಿರುಗದೆಯೇ ಕೇಳಿದೆನು: "ನಿನಗೂ ಹಾಗೆ ಆಗಿತ್ತೇನಮ್ಮ?"

"ಶಿರಾ ಬಿಟ್ಟ ದಿನ ನನ್ನ ಬೆಕ್ಕಿನ ಮರಿ ಕಾಣಿಸಲಿಲ್ಲ. ಹುಡುಕೋಣ ಎಂದೆ. ಹೊತ್ತಾಯಿತು, ಲಾರಿ ಹತ್ತು ಎಂದಿರಿ."

ಎಷ್ಟು ಯೋಚಿಸಿದರೂ ನನಗೆ ನೆನಪಾದದ್ದು ಲಾರಿಯ ಬಾಡಿಗೆ ಮತ್ತು ಕೆಲಸಕ್ಕೆ ಹಾಜರಾಗಬೇಕಾಗಿದ್ದ ತಾರೀಖು. ಮಗು ಅಳದೆ ಕುಳಿತಿದೆ, ಒಳ್ಳೆಯ ಸ್ವಭಾವ ಎಂದು ಸಂತೋಷಪಟ್ಟಿದ್ದೆನೆಂದು ತೋರುತ್ತದೆ.

"ಕಂದು ಬಣ್ಣದ್ದು, ಬಾಲದ ತುದಿ ಮಾತ್ರ ಬಿಳಿ" ಎಂದಳು ನನ್ನ ಹೆಂಡತಿ.

ಸಬೀನ್ ಸೇತುವೆ ಬಂದಿತು. ಹಾಡನ್ನು ನಿಲ್ಲಿಸಲೇ ಎಂದು ಅಳಿಯಂದಿರು ಮೆಲ್ಲಗೆ ಕೇಳಿದರು. ಬೇಡ, ಅದನ್ನೇ ಇನ್ನೊಮ್ಮೆ ಹಾಕಿ ಎಂದೆನು.